ವಿಮಾನದ ಪಿಸ್ಟನ್ ಎಂಜಿನ್: ಕಾರ್ಬುರೇಟರಿನಲ್ಲಿ ಮಂಜುಗಡ್ಡೆ ಕಟ್ಟುವಿಕೆ
(ಪೈಲಟ್ ತರಬೇತಿಗೆ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ)

ಮುಳಗುಂದ, ಶಿರಹಟ್ಟಿ, ಮುಂಡರಗಿ ಮೊದಲಾದ ಬಯಲುಸೀಮೆಯ ಊರುಗಳಿಂದ ಬೆಂಗಳೂರು ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಗಾಗಲಿ, ಅನ್ಯ ಶಾಲೆಗಳಿಗಾಗಲಿ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳಿಗೆ ಎಂಜಿನ್ನಿನಲ್ಲಿ ಮಂಜುಗಡ್ಡೆ ಕಟ್ಟುವುದು ಹಿಮಾಲಯದ ಮಾತೆಂದು ತೋರಬಹುದು. ವಾಸ್ತವವಾಗಿ ಇದಕ್ಕೆ ಕೊರೆಯುವ ಚಳಿ ಬೇಕಿಲ್ಲ.

ಕಾರಣ

ಕಾರ್ಬುರೇಟರು ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಒದಗಿಸುತ್ತದೆ. ವೆಂಚುರಿ ಎಂಬ ಕಿರಿದಾದ ಕಂಠದಲ್ಲಿ ಗಾಳಿಯು ವೇಗವಾಗಿ ಹಾಯುವಾಗ ಒತ್ತಡವೂ ಉಷ್ಣತೆಯೂ ಕುಸಿಯುತ್ತವೆ. ಪೆಟ್ರೋಲ್ ಆವಿಯಾಗುವಾಗ ಶಾಖವನ್ನು ಹೀರುವುದರಿಂದ ಉಷ್ಣತೆ ಮತ್ತಷ್ಟು ಇಳಿಯುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ತಣ್ಣಗಾಗುವುದೂ ಆವಿಯಾಗುವಿಕೆಯಿಂದಲೇ. ಈ ಒಟ್ಟು ಇಳಿಕೆಯು 30 ಡಿಗ್ರಿ ಸೆಲ್ಸಿಯಸ್ಸನ್ನು ಮೀರಬಹುದು. ಆದಕಾರಣ ಹೊರಗೆ 25 ಡಿಗ್ರಿ ಇರುವ ಮಳೆಗಾಲದ ದಿನದಲ್ಲಿಯೂ ಗಾಳಿಯ ತೇವಾಂಶವು ಥ್ರಾಟಲ್ ಕವಾಟದ ಸುತ್ತ ಮಂಜುಗಡ್ಡೆಯಾಗಿ ಕಟ್ಟಿ ಗಾಳಿಯ ದಾರಿಯನ್ನು ಕಟ್ಟಬಲ್ಲದು. ಉಷ್ಣತೆ 21 ಡಿಗ್ರಿಗಿಂತ ಕಡಿಮೆ, ಆರ್ದ್ರತೆ ಶೇಕಡಾ 80ಕ್ಕಿಂತ ಹೆಚ್ಚು ಇರುವಾಗ ಸಂಭವ ಅಧಿಕ. ವಿಮಾನವನ್ನು ಇಳಿಸಲೆಂದು ಎಂಜಿನ್ ಶಕ್ತಿಯನ್ನು ತಗ್ಗಿಸಿದಾಗ ಅಪಾಯ ಇನ್ನೂ ಹೆಚ್ಚು. ಬಹುಪಾಲು ಮುಚ್ಚಿದ ಕವಾಟವನ್ನು ತಡೆಯಲು ಅಲ್ಪ ಮಂಜುಗಡ್ಡೆಯೇ ಸಾಕು.

ಲಕ್ಷಣ ಮತ್ತು ಪರಿಹಾರ

ತರಬೇತಿ ವಿಮಾನಗಳಲ್ಲಿ ಸಾಮಾನ್ಯವಾದ ಸ್ಥಿರಕೋನದ ಪ್ರೊಪೆಲ್ಲರ್ ಇದ್ದಲ್ಲಿ, ಎಂಜಿನ್ನಿನ ಸುತ್ತುವೇಗ ಕಾರಣವಿಲ್ಲದೆ ನಿಧಾನವಾಗಿ ಇಳಿಯುವುದು ಮೊದಲ ಲಕ್ಷಣ. ಅನಂತರ ಎಂಜಿನ್ ಅದುರತೊಡಗುತ್ತದೆ. ಆಗ ಪೈಲಟ್ ಕಾರ್ಬುರೇಟರ್ ಹೀಟ್ ಗುಂಡಿಯನ್ನು ಪೂರ್ತಿಯಾಗಿ ಎಳೆಯತಕ್ಕದ್ದು. ಇದರಿಂದ ಹೊಗೆಕೊಳವೆಯ ಬಳಿ ಕಾದ ಗಾಳಿಯು ಒಳಗೆ ಬರುತ್ತದೆ. ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಬಿಸಿಗಾಳಿ ಬಂದೊಡನೆ ಸುತ್ತುವೇಗ ಮತ್ತಷ್ಟು ಕುಸಿದು, ಕರಗಿದ ನೀರು ಎಂಜಿನ್ನಿನೊಳಗೆ ಹೋಗುವಾಗ ಅದುರುವಿಕೆ ಹೆಚ್ಚುತ್ತದೆ. ಹೆದರಿ ಗುಂಡಿಯನ್ನು ಹಿಂದಕ್ಕೆ ತಳ್ಳಿದರೆ ಎಂಜಿನ್ ನಿಂತುಹೋಗಬಹುದು. ಮಂಜುಗಡ್ಡೆ ಕರಗಿ ಸುತ್ತುವೇಗ ಏರುವವರೆಗೂ ಕಾಯತಕ್ಕದ್ದು. ನೆಲದ ಮೇಲೆ ಈ ಗುಂಡಿಯನ್ನು ಮಿತವಾಗಿ ಬಳಸುವುದು ವಾಡಿಕೆ, ಏಕೆಂದರೆ ಬಿಸಿಗಾಳಿಯು ಸಾಮಾನ್ಯವಾಗಿ ಶೋಧಕದ ಮೂಲಕ ಬರುವುದಿಲ್ಲ.

ಎಂಜಿನ್ ನಿಂತು ವಿಮಾನ ಹೊಲದಲ್ಲಿ ಇಳಿದರೆ, ತನಿಖೆಗೆ ಬಂದವರಿಗೆ ಕಾರ್ಬುರೇಟರಿನಲ್ಲಿ ಏನೂ ಸಿಗದಿರಬಹುದು. ಎಂಜಿನ್ನಿನ ಬಿಸಿಗೆ ಮಂಜುಗಡ್ಡೆ ಅಷ್ಟರಲ್ಲಿ ಕರಗಿರುತ್ತದೆ.

ಅನ್ವಯವಾಗುವ ವಿಮಾನಗಳು

ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ನಿರ್ಮಿಸಿದ, 1958ರಲ್ಲಿ ಮೊದಲು ಹಾರಿದ ಪುಷ್ಪಕ್ ವಿಮಾನದ್ದು ಕಾರ್ಬುರೇಟರ್ ಎಂಜಿನ್. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಅನೇಕರು ಅದರಲ್ಲಿಯೇ ಹಾರಲು ಕಲಿತರು. ಸೆಸ್ನಾ 152ರದೂ ಅಂತಹುದೇ. 1996ರ ನಂತರ ತಯಾರಾದ ಸೆಸ್ನಾ 172ಆರ್, 172ಎಸ್ ಮಾದರಿಗಳಲ್ಲಿ ಇಂಧನವನ್ನು ನೇರವಾಗಿ ಸಿಂಪಡಿಸುವ ವ್ಯವಸ್ಥೆಯಿರುವುದರಿಂದ ಈ ತೊಂದರೆಯಿಲ್ಲ. ಆದರೆ ಗಾಳಿ ಒಳಬರುವ ಬಾಯಿ ಮಂಜುಗಡ್ಡೆಯಿಂದ ಮುಚ್ಚಿಹೋಗುವ ಸಂಭವ ಅವುಗಳಿಗೂ ಉಂಟು.