ಪಬ್ಬಿನ ಮೇಲಂತಸ್ತಿನ ಸಂಸಾರ

ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳ ಬೀದಿಮೂಲೆಗಳಲ್ಲಿ ಪಬ್ಬುಗಳು ಹೆಚ್ಚಲು 1830ರ ಬಿಯರ್‌ಹೌಸ್ ಕಾಯ್ದೆ ದೊಡ್ಡ ಕಾರಣವಾಯಿತು. ಎರಡು ಗಿನಿ ಶುಲ್ಕ ಕಟ್ಟಿದ ತೆರಿಗೆದಾರ ಗೃಹಸ್ಥನು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆಯೇ ಬಿಯರ್ ಮಾರಬಹುದಾದುದರಿಂದ ಎಷ್ಟೋ ಮನೆಗಳ ಮುಂಗೋಣೆಯೇ ಅಂಗಡಿಯಾಯಿತು. 1869ರಲ್ಲಿ ಪರವಾನಗಿಯ ಹಿಡಿತ ಮ್ಯಾಜಿಸ್ಟ್ರೇಟರಿಗೆ ಮರಳಿತು. ಆ ಶತಮಾನದ ಕೊನೆಗೆ ಬ್ರೂವರಿಗಳು, ಅಂದರೆ ಬಿಯರ್ ತಯಾರಿಸುವ ಕಂಪನಿಗಳು, ಪಬ್ಬುಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಂಡು, ತಮ್ಮ ಬಿಯರನ್ನೇ ಮಾರಬೇಕೆಂಬ ಕರಾರಿನ ಮೇಲೆ ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟವು. ಇಂಥವನ್ನು ‘ಟೈಡ್ ಹೌಸ್’ ಎನ್ನುತ್ತಿದ್ದರು.

ಬಾಗಿಲ ಮೇಲೆ ಬರೆದಿರುತ್ತಿದ್ದುದು ಪರವಾನಗಿದಾರನ ಹೆಸರೊಂದೇ ಆದರೂ ದುಡಿಮೆ ಮೇಲಂತಸ್ತಿನಲ್ಲಿ ವಾಸಿಸುತ್ತಿದ್ದ ಇಡೀ ಸಂಸಾರದ್ದು. ನೆಲಮಾಳಿಗೆಯ ಪೀಪಾಯಿಗಳಲ್ಲಿ ಬಿಯರ್ ಇನ್ನೂ ಹುದುಗುತ್ತಲೇ ಇರುತ್ತಿದ್ದುದರಿಂದ ಅವುಗಳನ್ನು ಅಲುಗಿಸದೆ ಇರಿಸಿ, ಗಷ್ಟು ತಳಕ್ಕಿಳಿಯುವವರೆಗೆ ಕಾದು, ಮೇಲಿನ ರಂಧ್ರಕ್ಕೆ ಸಿಕ್ಕಿಸಿದ ‘ಸ್ಪೈಲ್’ ಎಂಬ ಮರದ ಬೆಣೆಯ ಮೂಲಕ ಅನಿಲವನ್ನು ಹದವರಿತು ಹೊರಬಿಡಬೇಕಿತ್ತು. ಹದ ತಪ್ಪಿದರೆ ಬಿಯರ್ ಕದಡುತ್ತಿತ್ತು, ಇಲ್ಲವೆ ಸಪ್ಪೆಯಾಗುತ್ತಿತ್ತು. ಗಂಡ ತೀರಿಕೊಂಡಾಗ ಪರವಾನಗಿ ವಿಧವೆಯ ಹೆಸರಿಗೆ ವರ್ಗವಾಗುವುದು ಅಪರೂಪವಾಗಿರಲಿಲ್ಲ, ಏಕೆಂದರೆ ಆ ಕೆಲಸ ಆಕೆಗೆ ಹೊಸದಾಗಿರಲಿಲ್ಲ. 1908ರ ಮಕ್ಕಳ ಕಾಯ್ದೆ 14 ವರ್ಷದೊಳಗಿನವರಿಗೆ ಬಾರಿನ ಪ್ರವೇಶವನ್ನು ನಿಷೇಧಿಸಿದಾಗಲೂ ಪರವಾನಗಿದಾರನ ಮಕ್ಕಳಿಗೆ ವಿನಾಯಿತಿ ಕೊಟ್ಟಿತು; ಅವರ ಪಾಲಿಗೆ ಅದು ಮನೆಯೆಂಬುದನ್ನು ಕಾನೂನೇ ಒಪ್ಪಿದ ಸಂದರ್ಭವಿದು. ಮೊದಲ ಮಹಾಯುದ್ಧದಲ್ಲಿ ಬಂದು 1988ರವರೆಗೆ ಉಳಿದ, ಮಧ್ಯಾಹ್ನ ಪಬ್ಬನ್ನು ಮುಚ್ಚಿರಬೇಕೆಂಬ ನಿಯಮವಂತೂ ಮನೆಯವರೆಲ್ಲ ಒಟ್ಟಿಗೆ ಕೂರಲು ಸಿಗುತ್ತಿದ್ದ ಹೊತ್ತನ್ನೇ ನಿರ್ಧರಿಸಿತು.

ಎರಡನೆಯ ಮಹಾಯುದ್ಧದ ನಂತರ, ಮ್ಯಾಂಚೆಸ್ಟರಿನ ಹ್ಯೂಮ್, ಸಾಲ್ಫರ್ಡ್ ಮುಂತಾದೆಡೆ ಕೊಳೆಗೇರಿ ನಿರ್ಮೂಲನೆಯ ಹೆಸರಿನಲ್ಲಿ ಸಾಲುಮನೆಗಳನ್ನು ಕೆಡವಿದಾಗ ಗಿರಾಕಿಗಳು ದೂರದ ಬಡಾವಣೆಗಳಿಗೆ ಚದುರಿದರು. ಕೆಲವು ಪಬ್ಬುಗಳು ಬಯಲಿನ ನಡುವೆ ಒಂಟಿಯಾಗಿ ಕೆಲಕಾಲ ನಿಂತು, ಆಮೇಲೆ ತಾವೂ ನೆಲಸಮವಾದವು. ಅವುಗಳನ್ನು ನಡೆಸುತ್ತಿದ್ದ ಸಂಸಾರಗಳಿಗೆ ಕಸುಬೂ ಸೂರೂ ಒಟ್ಟಿಗೇ ಹೋದವು. ವ್ಯಾಪಾರದ ಬಾಡಿಗೆದಾರರಿಗೆ ಕರಾರನ್ನು ನವೀಕರಿಸಿಕೊಳ್ಳುವ ಹಕ್ಕನ್ನಿತ್ತ 1954ರ ಕಾಯ್ದೆ ಪಬ್ಬುಗಳನ್ನು ಹೊರಗಿಟ್ಟಿದ್ದುದು ಘೋರವಾದ ಅನ್ಯಾಯವೇ ಸರಿ: ಪಕ್ಕದ ದಿನಸಿ ಅಂಗಡಿಯವನಿಗಿದ್ದ ರಕ್ಷಣೆ ತಲೆಮಾರುಗಳಿಂದ ಬಿಯರ್ ಕಾಪಾಡಿದವರಿಗೆ ಇರಲಿಲ್ಲ. ಆ ಹಕ್ಕು ಅವರಿಗೆ ದೊರೆತದ್ದು 1989ರ ಜುಲೈಯಿಂದ ಅನ್ವಯವಾದ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಹಳೆಯ ಹ್ಯೂಮ್‌ನ ಸಾಲುಮನೆಗಳು ಕಣ್ಮರೆಯಾಗಿ ಎರಡು ದಶಕಗಳೇ ಕಳೆದಿದ್ದವು.