ಬ್ರಿಟನ್ ಶಾಲೆಗಳಲ್ಲಿ ಕೆಲಸ: ಪ್ರಾಯೋಜಕತ್ವದ ಕುರಿತು ಮಾಹಿತಿ

ಭಟ್ಕಳ, ಹೊನ್ನಾವರ, ಕುಮಟಾ ಭಾಗದ ಶಿಕ್ಷಕ-ಶಿಕ್ಷಕಿಯರಿಗಾಗಿ ಈ ಮಾಹಿತಿ ನೀಡುತ್ತಿದ್ದೇವೆ. ಹೊರದೇಶದವರಿಗೆ ಸ್ಕಿಲ್ಡ್ ವರ್ಕರ್ ವೀಸಾ ಕೊಡಿಸಬೇಕಾದರೆ ಬ್ರಿಟನ್ನಿನ ಶಾಲೆಗೆ ಅಲ್ಲಿನ ಗೃಹ ಇಲಾಖೆಯ ಪ್ರಾಯೋಜಕ ಪರವಾನಗಿ ಬೇಕು. ಪರವಾನಗಿ ಪಡೆದವರ ಪಟ್ಟಿ ಬ್ರಿಟನ್ ಸರಕಾರದ ಜಾಲತಾಣದಲ್ಲಿದೆ, ಯಾರೂ ನೋಡಬಹುದು. ಕೆಲವೊಮ್ಮೆ ಶಾಲೆಯ ಬದಲು ಅದನ್ನು ನಡೆಸುವ ಟ್ರಸ್ಟ್ ಅಥವಾ ಸ್ಥಳೀಯ ಆಡಳಿತದ ಹೆಸರಿರುತ್ತದೆ. ಯಾವುದೂ ಇಲ್ಲವೇ? ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಶಾಲೆ ನೀಡುವ ಪ್ರಾಯೋಜಕತ್ವ ಪ್ರಮಾಣಪತ್ರ ಕಾಗದವಲ್ಲ, ಒಂದು ಸಂಖ್ಯೆ. ಅದು ಸಿಕ್ಕಿದ 3 ತಿಂಗಳೊಳಗೆ ವೀಸಾಕ್ಕೆ ಅರ್ಜಿ ಹಾಕಬೇಕು. 2024ರ ಡಿಸೆಂಬರ್ 31ರಿಂದ ಈ ಪ್ರಮಾಣಪತ್ರದ ಶುಲ್ಕವನ್ನು ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ. ಆದ್ದರಿಂದ ಪ್ರಮಾಣಪತ್ರಕ್ಕೆಂದು ಲಕ್ಷಗಟ್ಟಲೆ ಕೇಳುವವರನ್ನು ನಂಬಿ ಮನೆಯ ಚಿನ್ನ ಅಡವಿಡಬೇಡಿ. ಏಜೆಂಟರು ಭಾರತ ಸರಕಾರದಲ್ಲಿ ನೋಂದಾಯಿತರೇ ಎಂಬುದನ್ನು ಇ-ಮೈಗ್ರೇಟ್ ತಾಣದಲ್ಲಿ ಪರಿಶೀಲಿಸಬಹುದು.