ಹೂಗ್ಲಿಯ ಹೆಬ್ಬೆಟ್ಟು ಮತ್ತು ನಮ್ಮ ಸಾಕ್ಷಿ

ಕೆಲವು ತಿಂಗಳ ಹಿಂದೆ ಜುಮಾ ನಮಾಝಿನ ಬಳಿಕ ನಮ್ಮ ಜಮಾಅತಿನ ಒಬ್ಬ ವಿಧವೆ ತಾಯಿ ಮಗನ ಕೈಯಲ್ಲಿ ಕಾಗದದ ಕಟ್ಟೊಂದನ್ನು ನಮಗೆ ಕಳುಹಿಸಿದರು. ಪತಿ ಬಿಟ್ಟುಹೋದ ಒಂದೇ ಒಂದು ಸೈಟಿಗೆ ಯಾರೋ ಬೇಲಿ ಹಾಕಿದ್ದರು. ವಿಚಾರಿಸಿದಾಗ ಸೈಟು ಕ್ರಯವಾಗಿ ಎರಡು ವರ್ಷವಾಗಿದೆ ಎಂದು ತಿಳಿಯಿತು. ಇವರ ಹೆಸರು ಹೇಳಿಕೊಂಡು ಬೇರೊಬ್ಬ ಹೆಂಗಸು ಕಚೇರಿಗೆ ಹೋಗಿ, ಫೋಟೋ ತೆಗೆಸಿ, ಹೆಬ್ಬೆಟ್ಟು ಒತ್ತಿ ಬಂದಿದ್ದಳು. "ಮಾರುವವರು ಇವರೇ" ಎಂದು ಸಾಕ್ಷಿ ಹಾಕಿದವರು ನಮ್ಮದೇ ಮೊಹಲ್ಲಾದ ಇಬ್ಬರು ಹುಡುಗರು.

ದಾವೆ ಇನ್ನೂ ನಡೆಯುತ್ತಿದೆ. ಆ ತಾಯಿಯ ಬಳಿ ಇರುವ ಬಲವಾದ ಆಧಾರ ಒಂದೇ: ಪತ್ರದ ಮೇಲಿರುವ ಬೆರಳ ಗುರುತು ಅವರದಲ್ಲ. ಆ ಗುರುತು ನಮ್ಮ ನೋಂದಣಿ ಕಚೇರಿಗೆ ಬಂದ ಚರಿತ್ರೆಯನ್ನು ಈ ತಿಂಗಳು ಓದುಗರ ಮುಂದಿಡುತ್ತೇವೆ. ಅದರಲ್ಲಿ ನಾವು ಮರೆತಿರುವ ಒಂದು ಹೆಸರೂ ಇದೆ.

ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು ಎಂಬ ಆದೇಶ ಸೂರಃ ಅಲ್‌ಬಕರಃದ 282ನೇ ಸೂಕ್ತದಲ್ಲಿದೆ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವೇ ಇದು. ಇದರ ಆಧಾರದ ಮೇಲೆ ಖಾಝಿಗಳ ನ್ಯಾಯಾಲಯಗಳು ಬೆಳೆದವು. ಅಲ್ಲಿ ಪತ್ರಕ್ಕಿಂತ ಮೊದಲು ಸಾಕ್ಷಿಯ ನಡತೆಯನ್ನು ವಿಚಾರಿಸುತ್ತಿದ್ದರು. ಮೊಘಲರ ಕಾಲದ ಕ್ರಯಪತ್ರಗಳ ಮೇಲೆ ಖಾಝಿಯ ಮುದ್ರೆ, ಅಂಚಿನಲ್ಲಿ ಸಾಕ್ಷಿಗಳ ರುಜು ಇರುತ್ತಿತ್ತು. ಆದರೆ ಮುದ್ರೆಯನ್ನು ನಕಲು ಮಾಡಬಹುದು, ರುಜುವನ್ನೂ ನಕಲು ಮಾಡಬಹುದು. ಓದುಬರಹ ಬಾರದವನು ಹಾಕಿದ ಗೀಟು ಯಾರದೆಂದು ಹೇಳುವುದಂತೂ ಸಾಧ್ಯವೇ ಇಲ್ಲ.

ಬ್ರಿಟಿಷರ ಕಾಲದ ಬಂಗಾಳದಲ್ಲಿ ಇದೇ ದೊಡ್ಡ ತಲೆನೋವಾಯಿತು. "ಈ ರುಜು ನನ್ನದಲ್ಲ" ಎನ್ನುವವರು ಒಂದು ಕಡೆ, ಇನ್ನೊಬ್ಬರ ಹೆಸರಿನಲ್ಲಿ ರುಜು ಹಾಕುವವರು ಇನ್ನೊಂದು ಕಡೆ. 1858ರಲ್ಲಿ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್, ರಸ್ತೆಗೆ ಬೇಕಾದ ಸಾಮಗ್ರಿ ಒದಗಿಸುವ ಕರಾರಿಗಾಗಿ ರಾಜ್ಯಧರ್ ಕೋನಾಯಿ ಎಂಬ ಗುತ್ತಿಗೆದಾರನ ಇಡೀ ಅಂಗೈಗೆ ಮಸಿ ಹಚ್ಚಿಸಿ ಕಾಗದದ ಮೇಲೆ ಒತ್ತಿಸಿದ. ಮುಂದೆ ಮಾತಿಗೆ ತಪ್ಪದಂತೆ ಹೆದರಿಸುವುದಷ್ಟೇ ಮೊದಲ ಉದ್ದೇಶವಾಗಿತ್ತು. ಆದರೆ ವರ್ಷಗಟ್ಟಲೆ ಗುರುತುಗಳನ್ನು ಸಂಗ್ರಹಿಸಿದ ಮೇಲೆ ಅವನಿಗೆ ಒಂದು ವಿಷಯ ಖಚಿತವಾಯಿತು: ವಯಸ್ಸಾದರೂ ಬೆರಳಿನ ಗೆರೆಗಳು ಬದಲಾಗುವುದಿಲ್ಲ. 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟನಾಗಿದ್ದಾಗ ಅವನು ಪಿಂಚಣಿ ಪಡೆಯುವವರಿಗೆ, ಕೈದಿಗಳಿಗೆ ಮತ್ತು ಪತ್ರ ನೋಂದಾಯಿಸುವವರಿಗೆ ಬೆರಳ ಗುರುತನ್ನು ಜಾರಿಗೆ ತಂದ. ಬೆರಳ ಗುರುತು ಎಂದೊಡನೆ ಇಂದು ಪೊಲೀಸ್ ಠಾಣೆಯೇ ನೆನಪಾಗುತ್ತದೆ. ಅದಕ್ಕೂ ಮೊದಲೇ ಅದು ಕರಾರು ಪತ್ರವನ್ನು ಕಾಯಲು ನಿಂತಿತ್ತು.

ಗುರುತು ತೆಗೆದುಕೊಳ್ಳುವುದು ಸುಲಭ. ಸಾವಿರಾರು ಗುರುತುಗಳ ನಡುವೆ ಬೇಕಾದ ಒಂದನ್ನು ಹುಡುಕುವುದು ಹೇಗೆ? ಈ ಗಂಟನ್ನು ಬಿಡಿಸಿದವರಲ್ಲಿ ಮುಖ್ಯರು ಬಂಗಾಳದ ಖುಲ್ನಾ ಕಡೆಯ ಖಾಝಿ ಅಝೀಝುಲ್ ಹಕ್. ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಓದಿದ ತರುಣ. ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿ ಅವರನ್ನು ಕೆಲಸಕ್ಕೆ ತೆಗೆದುಕೊಂಡ. ಹೇಮಚಂದ್ರ ಬೋಸ್ ಅವರ ಸಹೋದ್ಯೋಗಿ. ಹಕ್ ಅವರ ಲೆಕ್ಕ ಹೀಗಿತ್ತು: ಹತ್ತು ಬೆರಳುಗಳನ್ನು ಐದು ಜೋಡಿ ಮಾಡಿ, ಪ್ರತಿ ಬೆರಳಿನಲ್ಲಿ ಸುಳಿ ಇದೆಯೇ ಇಲ್ಲವೇ ಎಂದು ನೋಡುವುದು. ಒಂದು ಜೋಡಿಗೆ ನಾಲ್ಕು ಸಾಧ್ಯತೆ, ಐದು ಜೋಡಿಗೆ 1024. ಉದ್ದಕ್ಕೆ 32, ಅಡ್ಡಕ್ಕೆ 32 ಗೂಡುಗಳಿರುವ ಕಪಾಟೊಂದಿದ್ದರೆ ಯಾವ ಕಾಗದ ಯಾವ ಗೂಡಿನಲ್ಲಿದೆ ಎಂದು ಕೂಡಲೇ ತಿಳಿಯುತ್ತದೆ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಕಚೇರಿ ಆರಂಭವಾಯಿತು. 1901ರಲ್ಲಿ ಈ ಪದ್ಧತಿ ಲಂಡನ್ನಿಗೆ ಹೋಯಿತು. ಆದರೆ ಜಗತ್ತು ಇದನ್ನು ಹೆನ್ರಿ ಪದ್ಧತಿ ಎಂದೇ ಕರೆಯಿತು. ಹಕ್ ಅವರಿಗೆ ಮುಂದೆ ಐದು ಸಾವಿರ ರೂಪಾಯಿ ಗೌರವಧನ ಮತ್ತು ಖಾನ್ ಬಹಾದ್ದೂರ್ ಬಿರುದು ದೊರೆತವು. 1935ರಲ್ಲಿ ಅವರು ತೀರಿಕೊಂಡರು. ಇನ್ನೊಬ್ಬರ ಆಸ್ತಿಯನ್ನು ಕಾಯುವ ಲೆಕ್ಕ ಹಾಕಿಕೊಟ್ಟವರ ದುಡಿಮೆಯೇ ಬೇರೊಬ್ಬರ ಹೆಸರಿಗೆ ಖಾತೆಯಾಯಿತು.

ಇಂದಿಗೂ ನಮ್ಮ ದೇಶದಲ್ಲಿ ನಡೆಯುತ್ತಿರುವುದು 1908ರ ನೋಂದಣಿ ಕಾಯ್ದೆ. 2001ರ ತಿದ್ದುಪಡಿಯಿಂದ ಅದರಲ್ಲಿ 32ಎ ಕಲಂ ಸೇರಿತು. ಆಸ್ತಿ ಮಾರುವವರು, ಕೊಳ್ಳುವವರು ಇಬ್ಬರೂ ಪತ್ರದ ಮೇಲೆ ಫೋಟೋ ಅಂಟಿಸಿ ಬೆರಳ ಗುರುತು ಕೊಡಬೇಕಾಯಿತು. ಹೂಗ್ಲಿಯ ಮಸಿ ನಮ್ಮ ತಾಲೂಕು ಕಚೇರಿಯ ತನಕ ಬಂದದ್ದು ಹೀಗೆ.

ಹಾಗಾದರೆ ಆ ತಾಯಿಗೆ ಮೋಸವಾದದ್ದು ಹೇಗೆ? ಇಲ್ಲಿಯೇ ನಾವು ನಿಂತು ಯೋಚಿಸಬೇಕು. ಬೆರಳು ಸುಳ್ಳು ಹೇಳುವುದಿಲ್ಲ, ಆದರೆ ಅದು ಹೆಸರನ್ನೂ ಹೇಳುವುದಿಲ್ಲ. ಒತ್ತಿದ ಬೆರಳು ಈ ಹೆಂಗಸಿನದು ಎಂದಷ್ಟೇ ಅದು ಹೇಳುತ್ತದೆ. ಈ ಹೆಂಗಸೇ ಸೈಟಿನ ಒಡತಿ ಎಂದು ಹೇಳುವವನು ಗುರುತಿಸುವ ಸಾಕ್ಷಿ. ಖಾಝಿಗಳು ಸಾಕ್ಷಿಯ ನಡತೆಯನ್ನು ಯಾಕೆ ಅಷ್ಟು ವಿಚಾರಿಸುತ್ತಿದ್ದರು ಎಂಬುದು ಈಗ ಅರ್ಥವಾಗುತ್ತದೆ. ನಮ್ಮ ಹುಡುಗರು ಐನೂರು ರೂಪಾಯಿಗೆ, ಒಂದು ಬಿರಿಯಾನಿಗೆ, ಗೆಳೆಯನ ಮಾತಿಗೆ ಮುಖ ನೋಡದೆ ಸಾಕ್ಷಿ ಹಾಕುತ್ತಾರೆ. ಅದು ಉಪಕಾರವಲ್ಲ, ಸುಳ್ಳು ಸಾಕ್ಷಿ.

ನೋಟರಿ ಮುದ್ರೆಯ ವಿಷಯದಲ್ಲೂ ನಮ್ಮವರಲ್ಲಿ ತಪ್ಪು ತಿಳುವಳಿಕೆ ಬಹಳ. ಛಾಪಾಕಾಗದದ ಮೇಲೆ ಬರೆಸಿ ನೋಟರಿ ಮಾಡಿಸಿದರೆ ಮನೆ ನಮ್ಮದಾಯಿತು ಎಂದು ಜೀವಮಾನದ ದುಡಿಮೆ ಕೊಟ್ಟವರಿದ್ದಾರೆ. ನೂರು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯ ನೋಂದಣಿಯಾಗಲೇಬೇಕು. ಜಿಪಿಎ ಮೂಲಕ ನಡೆಯುವ ಮಾರಾಟದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ನೋಟರಿಯ ಮುದ್ರೆ ನಿಜವಾದದ್ದೇ ಆಗಿದ್ದರೂ ಮಾತು ಇಷ್ಟೇ. ಮುದ್ರೆಯೇ ನಕಲಿಯಾದರೆ ಕೇಳುವುದೇ ಬೇಡ.

ಆದ್ದರಿಂದ ಪ್ರತಿ ಮನೆಯವರೂ ವರ್ಷಕ್ಕೊಮ್ಮೆ ತಮ್ಮ ಆಸ್ತಿಯ ಇ.ಸಿ. ತೆಗೆಸಿ ನೋಡಲಿ, ಜಮೀನಿದ್ದವರು ಪಹಣಿ ನೋಡಲಿ. ತಮಗೆ ಗೊತ್ತಿಲ್ಲದ ವ್ಯವಹಾರ ಅಲ್ಲಿ ಕಂಡರೆ ಒಂದು ದಿನವೂ ತಡ ಮಾಡದೆ ವಕೀಲರನ್ನು ಕಂಡು ದೂರು ಕೊಡಲಿ. ಮೂಲ ಪತ್ರವನ್ನಾಗಲಿ, ರುಜು ಹಾಕಿದ ಖಾಲಿ ಕಾಗದವನ್ನಾಗಲಿ ಯಾರ ಕೈಗೂ ಕೊಡಬೇಡಿ. ವಿಧವೆಯರ, ಅನಾಥ ಮಕ್ಕಳ, ಗಲ್ಫಿನಲ್ಲಿರುವವರ ಆಸ್ತಿಯ ಕಡೆ ಕುಟುಂಬದ ಹಿರಿಯರು ಕಣ್ಣಿಡಲಿ. ಖಾಲಿ ಸೈಟುಗಳ ಮೇಲೆಯೇ ಮೋಸಗಾರರ ಕಣ್ಣು ಮೊದಲು ಬೀಳುತ್ತದೆ.

ಆ ಇಬ್ಬರು ಹುಡುಗರಲ್ಲಿ ಒಬ್ಬ ಕಳೆದ ವಾರ ನಮ್ಮ ಬಳಿ ಬಂದಿದ್ದ. ತಾನು ಆ ಹೆಂಗಸನ್ನು ಅಂದಿನವರೆಗೆ ಕಂಡೇ ಇರಲಿಲ್ಲ ಎಂದು ನ್ಯಾಯಾಲಯದಲ್ಲಿ ಹೇಳಲು ಒಪ್ಪಿದ್ದಾನೆ. ಅದರಿಂದ ತನಗೂ ತೊಂದರೆ ಬರಬಹುದೆಂದು ಅವನಿಗೆ ಗೊತ್ತಿದೆ. ಅಲ್ಲಾಹನು ಅವನ ನಾಲಿಗೆಯನ್ನು ಸತ್ಯದ ಮೇಲೆ ಸ್ಥಿರವಾಗಿಡಲಿ. ಇನ್ನೊಬ್ಬನ ಮನಸ್ಸನ್ನೂ ತಿರುಗಿಸಲಿ. ಆಮೀನ್.